ಹೆಪಾರಿನ್ ಪ್ರಕರಣಗಳಲ್ಲಿ ‘ಸಾವಿರಪಟ್ಟು’: ಒಂದು ಟಿಪ್ಪಣಿ

1. ಪ್ರಕರಣಗಳು

2006ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಮೆಥಡಿಸ್ಟ್ ಆಸ್ಪತ್ರೆಯಲ್ಲಿ ಆರು ನವಜಾತ ಶಿಶುಗಳಿಗೆ ಮಿ.ಲೀ.ಗೆ 10 ಯೂನಿಟ್‌ನ ಬದಲು 10,000 ಯೂನಿಟ್‌ನ ಹೆಪಾರಿನ್ (ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧ) ಕೊಡಲಾಯಿತು. ಮೂರು ಶಿಶುಗಳು ಸತ್ತವು. 2007ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಸೀಡರ್ಸ್-ಸಿನಾಯ್ ಆಸ್ಪತ್ರೆಯಲ್ಲಿ ಇದೇ ಅದಲುಬದಲು ಮರುಕಳಿಸಿತು. ಅದಕ್ಕೆ ತುತ್ತಾದ ನಟ ಡೆನಿಸ್ ಕ್ವೇಡ್ ಅವರ ಅವಳಿ ಮಕ್ಕಳು ಬದುಕುಳಿದರು. 2008ರ ಜುಲೈನಲ್ಲಿ ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲೂ ಶಿಶುಗಳಿಗೆ ಹೆಪಾರಿನ್ ಮಿತಿಮೀರಿತು. ಅಲ್ಲಿನ ಶಿಶುಗಳ ಸಂಖ್ಯೆ ಒಂದೆಡೆ 14, ಇನ್ನೊಂದೆಡೆ 17 ಎಂದಿದೆ. ಈ ಅಂಕಿಯನ್ನು ಉಲ್ಲೇಖಿಸುವಾಗ ವರದಿಯ ದಿನಾಂಕವನ್ನೂ ಕೊಡುವುದು ಅಗತ್ಯ.

2. ‘ಸಾವಿರಪಟ್ಟು’ ಯಾವುದರ ಅನುಪಾತ?

ಮೊದಲೆರಡು ಪ್ರಕರಣಗಳಿಗೆ ಅಂಟಿಕೊಂಡಿರುವ ‘ಸಾವಿರಪಟ್ಟು’ ಎಂಬ ಅಂಕಿ ವಯಲ್‌ಗಳ ಸಾಂದ್ರತೆಯ ಅನುಪಾತವೇ ಹೊರತು ಚಿಕಿತ್ಸಾ ಪ್ರಮಾಣಕ್ಕೆ ಹೋಲಿಸಿದ್ದಲ್ಲ. 10 ಯೂನಿಟ್‌ನ ದ್ರಾವಣ ಇರುವುದು ಕ್ಯಾತಿಟರ್ ಕಟ್ಟಿಕೊಳ್ಳದಂತೆ ಫ್ಲಶ್ ಮಾಡಲು. ನವಜಾತ ಶಿಶುವಿಗೆ ಚಿಕಿತ್ಸೆಗೆಂದು ಸಾಮಾನ್ಯವಾಗಿ ಸೂಚಿಸುವ ಆರಂಭಿಕ ಡೋಸ್ ಕೆ.ಜಿ.ಗೆ 75 ಯೂನಿಟ್. 1 ಕೆ.ಜಿ. ತೂಕದ ಶಿಶುವಿಗೆ ಪ್ರಬಲ ದ್ರಾವಣ 1 ಮಿ.ಲೀ. ಹೋದರೆ ಅದು ಚಿಕಿತ್ಸಾ ಡೋಸಿನ ಸುಮಾರು 133 ಪಟ್ಟು, ಅರ್ಧ ಮಿ.ಲೀ. ಹೋದರೆ ಸುಮಾರು 67 ಪಟ್ಟು. ಇದರಿಂದ ಅಪಾಯ ಕಿರಿದಾಗುವುದಿಲ್ಲ. ಆದರೆ ಫ್ಲಶ್‌ನ ಪರಿಮಾಣ, ಆವರ್ತನ, ಶಿಶುವಿನ ತೂಕ ತಿಳಿಯದೆ ದೇಹಕ್ಕೆ ಹೋದದ್ದೆಷ್ಟು ಎನ್ನಲಾಗದು.

3. ವರ್ಗೀಕರಣ

ಶಿಶುಗಳ ಡೋಸ್ ದೋಷವೆಂದರೆ ದಶಮಾಂಶ ಬಿಂದು ಜಾರಿದ ಹತ್ತುಪಟ್ಟು ಲೆಕ್ಕವೇ ಮೊದಲು ನೆನಪಾಗುತ್ತದೆ. ಇಂಡಿಯಾನಾಪೊಲಿಸ್‌ನಲ್ಲಿ ಲೆಕ್ಕ ತಪ್ಪಿರಲಿಲ್ಲ: ಔಷಧದ ಕಪಾಟಿಗೆ ತಪ್ಪು ವಯಲ್ ತುಂಬಲಾಗಿತ್ತು. ಒಂದರ ಲೇಬಲ್ ತಿಳಿನೀಲಿ, ಇನ್ನೊಂದರದು ಕಡುನೀಲಿ. ತಯಾರಕ ಬ್ಯಾಕ್ಸ್‌ಟರ್ 2007ರ ಫೆಬ್ರುವರಿಯಲ್ಲಿ ಎಚ್ಚರಿಕೆಯ ಪತ್ರ ಕಳುಹಿಸಿತ್ತು. ಲಾಸ್ ಏಂಜಲೀಸ್ ಘಟನೆ ಅದರ ನಂತರದ್ದು. ಎಂದರೆ ಪತ್ರವೊಂದೇ ಈ ದೋಷವನ್ನು ತಡೆಯಲಿಲ್ಲ ಎನ್ನಬಹುದು. ಅದಕ್ಕಿಂತ ಹೆಚ್ಚಿನ ತೀರ್ಮಾನಕ್ಕೆ ಎರಡು ಪ್ರಕರಣಗಳು ಸಾಲವು. ಕಾರ್ಪಸ್ ಕ್ರಿಸ್ಟಿಯದು ಫಾರ್ಮಸಿಯಲ್ಲಿ ಮಿಶ್ರಣ ಮಾಡುವಾಗಿನ ದೋಷವೆಂದು ವರದಿಯಾಗಿದೆ. ಅದನ್ನು ಇವೆರಡರ ಜೊತೆ ಒಂದೇ ಪಟ್ಟಿಯಲ್ಲಿ ಎಣಿಸುವುದು ಸರಿಯಲ್ಲವೆಂದು ತೋರುತ್ತದೆ.

4. ಇಲ್ಲಿಗೆ ಅನ್ವಯ

ಭಾರತದಲ್ಲಿ ಹೆಪಾರಿನ್ 5 ಮಿ.ಲೀ. ವಯಲ್‌ಗಳಲ್ಲಿ, ಮಿ.ಲೀ.ಗೆ 1,000 ಮತ್ತು 5,000 ಯೂನಿಟ್‌ನಂತೆ ಸಿಗುತ್ತದೆ. ಎರಡನೆಯದರಲ್ಲಿ ಒಟ್ಟು 25,000 ಯೂನಿಟ್ ಇರುತ್ತದೆ. ಇದನ್ನು ಸಲೈನ್‌ನಲ್ಲಿ ತೆಳುಮಾಡಿ ಫ್ಲಶ್ ತಯಾರಿಸುವ ಘಟಕಗಳಲ್ಲಿ ಆಯ್ಕೆಯ ದೋಷಕ್ಕೂ ಮಿಶ್ರಣದ ದೋಷಕ್ಕೂ ಎಡೆಯುಂಟು. ಆದ್ದರಿಂದ ದೋಷ ದಾಖಲಿಸುವ ನಮೂನೆಯಲ್ಲಿ ವಯಲ್‌ನ ಸಾಂದ್ರತೆ, ಸೇರಿಸಿದ ಸಲೈನ್‌ನ ಪರಿಮಾಣ, ಕೊಟ್ಟ ಮಿ.ಲೀ. ಈ ಮೂರಕ್ಕೂ ಬೇರೆಬೇರೆ ಕಲಂ ಬೇಕು.