ತಾನೇ ತುಂಬಿಕೊಳ್ಳುವ ಸಿರಿಂಜು

ತಾನೇ ತುಂಬಿಕೊಳ್ಳುವ ಸಿರಿಂಜು ಎಂಬುದು ಒಂದು ಪ್ರಮಾಣದ ಔಷಧವನ್ನು ಚುಚ್ಚಿದ ಕೂಡಲೇ ಮುಂದಿನ ಪ್ರಮಾಣವನ್ನು ಸೀಸೆಯಿಂದ ತನ್ನಷ್ಟಕ್ಕೆ ಎಳೆದುಕೊಳ್ಳುವ ಚುಚ್ಚುಮದ್ದಿನ ಉಪಕರಣ. ದನ, ಕುರಿ, ಹಂದಿ, ಕೋಳಿಗಳಿಗೆ ಸಾಮೂಹಿಕವಾಗಿ ಲಸಿಕೆ ಹಾಕುವಲ್ಲಿ ಇದರ ಬಳಕೆ ಹೆಚ್ಚು. ಬಳಕೆಯ ಮಾತಿನಲ್ಲಿ ಇದನ್ನು ಆಟೋಮ್ಯಾಟಿಕ್ ಸಿರಿಂಜ್ ಅಥವಾ ವ್ಯಾಕ್ಸಿನೇಟರ್ ಎನ್ನುತ್ತಾರೆ. ಇದರ ವಿನ್ಯಾಸದ ತಿರುಳು ಒಂದು ಸ್ಪ್ರಿಂಗ್ ಮತ್ತು ಎರಡು ಏಕಮುಖ ಕವಾಟಗಳು. ಔಷಧ ತುಂಬುವ ಕೆಲಸವನ್ನು ಇದು ತಾನೇ ಮಾಡುತ್ತದೆಯಾದರೂ ಸೂಜಿಯನ್ನು ಮನುಷ್ಯನೇ ಬದಲಿಸಬೇಕು. ಉಪಕರಣದ ಗುಣ ದೋಷಗಳ ಚರ್ಚೆಯೆಲ್ಲ ಈ ಒಂದು ಸಂಗತಿಯ ಸುತ್ತಲೇ ನಡೆದಿದೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಂತಹ ಚದುರಿದ ಮನೆಗಳ ಪ್ರದೇಶದಲ್ಲಿ ಇದರ ಪ್ರಯೋಜನವನ್ನು ಬೇರೆಯದೇ ಲೆಕ್ಕದಲ್ಲಿ ಅಳೆಯಬೇಕಾಗುತ್ತದೆ.

ರಚನೆ

ಉಪಕರಣದ ಮುಖ್ಯ ಭಾಗ ಗಾಜಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಕೊಳವೆ. ಅದರೊಳಗೆ ರಬ್ಬರಿನ ಉಂಗುರ ತೊಡಿಸಿದ ಕೊಂತ (ಪಿಸ್ಟನ್) ಹಿಂದೆ ಮುಂದೆ ಚಲಿಸುತ್ತದೆ. ಕೊಂತವು ಪಿಸ್ತೂಲಿನ ಆಕಾರದ ಹಿಡಿಗೆ ಜೋಡಣೆಗೊಂಡಿರುತ್ತದೆ. ಹಿಡಿಯನ್ನು ಅದುಮಿದರೆ ಕೊಂತ ಮುಂದಕ್ಕೆ ಹೋಗುತ್ತದೆ, ಕೈ ಸಡಿಲಿಸಿದರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತರುತ್ತದೆ. ಹಿಡಿಯ ಹಿಂಬದಿಯ ತಿರುಪಿನಿಂದ ಕೊಂತ ಎಷ್ಟು ದೂರ ಹಿಂದೆ ಸರಿಯಬೇಕೆಂಬುದನ್ನು ನಿಗದಿಪಡಿಸಬಹುದು. ಔಷಧದ ಪ್ರಮಾಣ ನಿರ್ಧಾರವಾಗುವುದು ಇದರಿಂದಲೇ. ಉದಾಹರಣೆಗೆ, ಕೊಳವೆಯ ಒಳವ್ಯಾಸ 10 ಮಿಲಿಮೀಟರ್ ಇದ್ದರೆ 2 ಮಿಲಿಲೀಟರ್ ಔಷಧಕ್ಕೆ ಕೊಂತವು ಸುಮಾರು 25.5 ಮಿಲಿಮೀಟರ್ ಚಲಿಸಬೇಕು. ಅದೇ ಕೊಳವೆಯಲ್ಲಿ ತಿರುಪು ಒಂದು ಮಿಲಿಮೀಟರ್ ಜರುಗಿದರೂ ಪ್ರಮಾಣದಲ್ಲಿ ನೂರಕ್ಕೆ ನಾಲ್ಕರಷ್ಟು ವ್ಯತ್ಯಾಸ ಬರುತ್ತದೆ. ಆದ್ದರಿಂದ ತಿರುಪನ್ನು ಬಿಗಿದು ನಿಲ್ಲಿಸಲು ಪ್ರತ್ಯೇಕ ನಟ್ಟು ಇರುತ್ತದೆ.

ಔಷಧದ ಸೀಸೆಯನ್ನು ಜೋಡಿಸಲು ಎರಡು ಕ್ರಮಗಳಿವೆ. ಒಂದರಲ್ಲಿ ಸೀಸೆಯನ್ನು ಸಿರಿಂಜಿನ ನೆತ್ತಿಯ ಮೇಲೆ ಬೋರಲಾಗಿ ಸಿಕ್ಕಿಸುತ್ತಾರೆ. ಇನ್ನೊಂದರಲ್ಲಿ ಸೀಸೆಯು ಹೆಗಲಿನ ಚೀಲದಲ್ಲಿ ಅಥವಾ ಸೊಂಟದ ಪಟ್ಟಿಯಲ್ಲಿದ್ದು, ಅಲ್ಲಿಂದ ತೆಳುವಾದ ನಳಿಕೆಯೊಂದು ಸಿರಿಂಜಿಗೆ ಬರುತ್ತದೆ. ನಳಿಕೆಯ ಬಗೆಯಲ್ಲಿ ಕೈಗೆ ಭಾರ ಕಡಿಮೆ, ಸೀಸೆಯನ್ನು ತಂಪು ಪೆಟ್ಟಿಗೆಯೊಳಗೇ ಇರಿಸುವ ಅನುಕೂಲವೂ ಉಂಟು. ಆದರೆ ನಳಿಕೆಯಲ್ಲಿ ನಿಂತ ಲಸಿಕೆ ಬಿಸಿಲಿಗೆ ಕಾಯುತ್ತದೆ, ಕೆಲಸ ಮುಗಿದಾಗ ಅಷ್ಟೂ ವ್ಯರ್ಥವಾಗುತ್ತದೆ.

ಕೊಳವೆಯಲ್ಲಿಯೇ 30 ಅಥವಾ 50 ಮಿಲಿಲೀಟರ್ ತುಂಬಿಕೊಂಡು, ಹಲ್ಲುಪಟ್ಟಿಯ ಮೂಲಕ ಒಂದೊಂದೇ ಪ್ರಮಾಣವನ್ನು ಹೊರಬಿಡುವ ಬಹುಪ್ರಮಾಣ ಸಿರಿಂಜನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳುವುದುಂಟು. ಅದು ತಾನೇ ತುಂಬಿಕೊಳ್ಳುವುದಿಲ್ಲ. ಬರಿದಾದಾಗ ಕೈಯಿಂದಲೇ ತುಂಬಬೇಕು.

ಕೆಲಸ ಮಾಡುವ ಬಗೆ

ಕೊಳವೆಗೆ ಔಷಧ ಬರುವ ದಾರಿಯಲ್ಲಿ ಒಂದು ಕವಾಟವೂ ಸೂಜಿಯ ಬುಡದಲ್ಲಿ ಇನ್ನೊಂದು ಕವಾಟವೂ ಇರುತ್ತವೆ. ಕೊಂತ ಹಿಂದೆ ಸರಿದಾಗ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ. ಆಗ ಒಳಬರುವ ಕವಾಟ ತೆರೆದು ಔಷಧ ನುಗ್ಗುತ್ತದೆ, ಸೂಜಿಯ ಕಡೆಯ ಕವಾಟ ಮುಚ್ಚಿಕೊಳ್ಳುತ್ತದೆ. ಕೊಂತ ಮುಂದೊತ್ತಿದಾಗ ಇದು ತಿರುಗುಮುರುಗಾಗುತ್ತದೆ. ಹಳ್ಳಿಯ ಬೋರುಪಂಪನ್ನು ಬಲ್ಲವರಿಗೆ ಈ ತತ್ತ್ವ ಹೊಸದಲ್ಲ. ಅಲ್ಲಿ ನೀರನ್ನೆತ್ತುವುದೂ ಇಂತಹ ಎರಡು ಏಕಮುಖ ಕವಾಟಗಳೇ.

ಸೀಸೆಯಿಂದ ದ್ರವ ಹೊರಹೋದಷ್ಟೂ ಗಾಳಿ ಒಳಬರಲೇಬೇಕು. ಇಲ್ಲವಾದರೆ ಸೀಸೆಯೊಳಗೆ ನಿರ್ವಾತ ಉಂಟಾಗಿ, ಸ್ಪ್ರಿಂಗಿನ ಬಲ ಸಾಲದೆ ಕೊಂತವು ಪೂರ್ತಿ ಹಿಂದೆ ಬರುವುದಿಲ್ಲ. ಇದಕ್ಕಾಗಿ ಸೀಸೆಯ ರಬ್ಬರ್ ಬಿರಡೆಯಲ್ಲಿ ಗಾಳಿಸೂಜಿಯೊಂದನ್ನು ಚುಚ್ಚಿರುತ್ತಾರೆ. ಹಟ್ಟಿಯ ಧೂಳು ಸೀಸೆಯನ್ನು ಸೇರದಂತೆ ಅದಕ್ಕೆ ಸೋಸು ಇರುವುದು ಒಳ್ಳೆಯದು.

ಪ್ರಮಾಣದ ನಿಖರತೆ

ಈ ಉಪಕರಣದ ದೊಡ್ಡ ಆಕರ್ಷಣೆ ಪ್ರತಿ ಬಾರಿಯೂ ಒಂದೇ ಪ್ರಮಾಣ ದೊರೆಯುತ್ತದೆಂಬ ಭರವಸೆ. ಇದು ಕೆಲವು ಷರತ್ತುಗಳಿಗೆ ಒಳಪಟ್ಟದ್ದು. ಕೊಳವೆಯೊಳಗೆ ಗಾಳಿಗುಳ್ಳೆ ಸೇರಿದರೆ ಅದರ ಗಾತ್ರದಷ್ಟು ಔಷಧ ಕಡಿಮೆಯಾಗುತ್ತದೆ. 2 ಮಿಲಿಲೀಟರಿನಲ್ಲಿ ಅರ್ಧ ಮಿಲಿಲೀಟರ್ ಗಾಳಿಯಿದ್ದರೆ ದನಕ್ಕೆ ಸಿಗುವುದು ಹೆಚ್ಚೆಂದರೆ ಒಂದೂವರೆ. ಕೈಗೆ ಮಾತ್ರ ಇದರ ಅರಿವಾಗುವುದಿಲ್ಲ. ಹಿಡಿ ಎಂದಿನಂತೆಯೇ ಅದುಮಿಕೊಳ್ಳುತ್ತದೆ. ಹೀಗೆ ಅರೆಪ್ರಮಾಣ ಪಡೆದ ದನವೂ ದಾಖಲೆಯಲ್ಲಿ 'ಲಸಿಕೆಯಾದ' ದನವೇ ಆಗಿರುತ್ತದೆ. ರೋಗ ಬಂದಾಗ ಜನ ಲಸಿಕೆಯನ್ನೇ ದೂರುತ್ತಾರೆ.

ಕಾಲುಬಾಯಿ ಜ್ವರದ ಲಸಿಕೆಯಲ್ಲಿ ಈ ಅಪಾಯ ಹೆಚ್ಚು. ಅದು ಎಣ್ಣೆ ಬೆರೆತ ದಪ್ಪ ದ್ರವ. 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಿಂದ ಆಗಷ್ಟೇ ಹೊರಬಂದದ್ದಾದರೆ ಇನ್ನೂ ನಿಧಾನವಾಗಿ ಹರಿಯುತ್ತದೆ. ಅವಸರದಲ್ಲಿ ಹಿಡಿಯನ್ನು ಪಟಪಟನೆ ಅದುಮಿದರೆ ಕೊಂತ ಪೂರ್ತಿ ಹಿಂದೆ ಬರುವ ಮೊದಲೇ ಮತ್ತೆ ಮುಂದೆ ಹೋಗುತ್ತದೆ. ಕೆಲಸಕ್ಕೆ ಮುನ್ನ ಹತ್ತು ಬಾರಿ ಅಳತೆಯ ಲೋಟಕ್ಕೆ ಹೊಡೆದು ನೋಡುವುದು ಸರಳ ಪರೀಕ್ಷೆ. 2 ಮಿಲಿಲೀಟರಿಗೆ ಹೊಂದಿಸಿದ ಸಿರಿಂಜು ಹತ್ತು ಬಾರಿಗೆ 20 ಮಿಲಿಲೀಟರ್ ಕೊಡಬೇಕು. ಲಸಿಕೆಯ ಬದಲು ನೀರಿನಿಂದ ಪರೀಕ್ಷಿಸಿದರೆ ದಪ್ಪ ದ್ರವದ ತೊಡಕು ಗೊತ್ತಾಗುವುದಿಲ್ಲ.

ದನ ಸಣ್ಣದಾದರೆ ಲಸಿಕೆಯೂ ಕಡಿಮೆ ಸಾಕೆಂಬ ನಂಬಿಕೆ ಕೆಲವರಲ್ಲಿದೆ. ಇದು ಸರಿಯಲ್ಲ. ಕರಾವಳಿ ಮತ್ತು ಮಲೆನಾಡಿನ ಮಲೆನಾಡು ಗಿಡ್ಡ ಹಸುವಿಗೂ ದೊಡ್ಡ ಮೈಯ ಮಿಶ್ರತಳಿಯ ಹಸುವಿಗೂ ಕಾಲುಬಾಯಿ ಜ್ವರದ ಲಸಿಕೆಯ ಪ್ರಮಾಣ ಒಂದೇ. ಆದ್ದರಿಂದ ಲಸಿಕೆಗೆ ತಿರುಪನ್ನು ಒಮ್ಮೆ ಬಿಗಿದರೆ ಸಾಕು. ದೇಹತೂಕಕ್ಕೆ ತಕ್ಕಂತೆ ಕೊಡಬೇಕಾದ ಔಷಧಗಳಿಗೆ ಮಾತ್ರ ಪ್ರತಿ ಪ್ರಾಣಿಗೂ ಪ್ರಮಾಣ ಬದಲಾಗುವುದರಿಂದ, ಅಲ್ಲಿ ಈ ಉಪಕರಣ ನೆರವಿಗಿಂತ ತೊಡಕಾಗುವುದೇ ಹೆಚ್ಚು.

ಹಿನ್ನೆಲೆ

ಟೊಳ್ಳು ಸೂಜಿಯ ಮೂಲಕ ಚರ್ಮದಡಿಗೆ ಔಷಧ ಸೇರಿಸುವ ಪ್ರಯೋಗವನ್ನು 1844ರಲ್ಲಿ ಡಬ್ಲಿನ್ನಿನ ಫ್ರಾನ್ಸಿಸ್ ರಿಂಡ್ ಮಾಡಿದರು. ಕೊಂತವುಳ್ಳ ಸಿರಿಂಜಿನ ಬಳಕೆ 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಮತ್ತು ಫ್ರಾನ್ಸಿನ ಷಾರ್ಲ್ ಪ್ರವಾಜ್ ಅವರಿಂದ ಆರಂಭವಾಯಿತು. ನಂತರ ಬಂದ ಗಾಜಿನ ಸಿರಿಂಜುಗಳನ್ನು ಕುದಿಸಿ ಮತ್ತೆ ಮತ್ತೆ ಬಳಸುವುದೇ ಒಂದು ಶತಮಾನದ ಪದ್ಧತಿಯಾಗಿತ್ತು. ನ್ಯೂಜಿಲೆಂಡಿನ ಔಷಧ ವ್ಯಾಪಾರಿಯೂ ಪಶುವೈದ್ಯರೂ ಆಗಿದ್ದ ಕಾಲಿನ್ ಮರ್ಡಾಕ್ 1956ರಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಿರಿಂಜನ್ನು ರೂಪಿಸಿದರು. ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸೋಂಕು ದಾಟಬಾರದೆಂಬ ಕಾಳಜಿ ಅದರ ಹಿಂದಿತ್ತು. ಮನುಷ್ಯರ ಆಸ್ಪತ್ರೆಗಳಲ್ಲಿ ಇಂದು ಸಾಮಾನ್ಯವಾಗಿರುವ ವಸ್ತುವೊಂದರ ಹುಟ್ಟಿನಲ್ಲಿ ಪಶುವೈದ್ಯದ ಅನುಭವ ಸೇರಿರುವುದು ಗಮನಾರ್ಹ.

ಮನುಷ್ಯರ ಸಾಮೂಹಿಕ ಲಸಿಕೆಯಲ್ಲಿಯೂ ತಾನೇ ತುಂಬಿಕೊಳ್ಳುವ ಉಪಕರಣಗಳಿದ್ದವು. ಸಿಡುಬಿನ ವಿರುದ್ಧದ ಹೋರಾಟದ ಕಾಲದಲ್ಲಿ ಕೆಲವು ದೇಶಗಳಲ್ಲಿ ಬಳಕೆಯಾದ ಪೆಡ್-ಒ-ಜೆಟ್ ಎಂಬ ಕಾಲಿನಿಂದ ತುಳಿಯುವ ಯಂತ್ರ ಸೂಜಿಯೇ ಇಲ್ಲದೆ ಲಸಿಕೆಯನ್ನು ಚರ್ಮದೊಳಕ್ಕೆ ಚಿಮ್ಮಿಸುತ್ತಿತ್ತು. ಸೂಜಿಯಿಲ್ಲದ ಮೇಲೆ ಸೋಂಕಿಲ್ಲ ಎಂಬ ಊಹೆ ಮುಂದೆ ಹುಸಿಯಾಯಿತು. 1980ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಚಿಕಿತ್ಸಾಲಯವೊಂದರಲ್ಲಿ ಇಂತಹ ಚಿಮ್ಮುಯಂತ್ರದಿಂದ ಹೆಪಟೈಟಿಸ್ ಬಿ ಹರಡಿದ್ದು ದೃಢಪಟ್ಟಿತು. ಈಜಿಪ್ಟಿನಲ್ಲಿ ಶಿಸ್ಟೊಸೋಮಿಯಾಸಿಸ್ ರೋಗಕ್ಕೆ ಸರಿಯಾಗಿ ಶುದ್ಧಗೊಳಿಸದ ಗಾಜಿನ ಸಿರಿಂಜುಗಳಿಂದ ನಡೆದ ಚಿಕಿತ್ಸಾ ಅಭಿಯಾನವು ಹೆಪಟೈಟಿಸ್ ಸಿ ವ್ಯಾಪಕವಾಗಲು ಕಾರಣವಾಯಿತು. 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿದಂತೆ ಅಂತರರಾಷ್ಟ್ರೀಯ ಸಂಸ್ಥೆಗಳು ಲಸಿಕೆಗೆ ತಾನೇ ನಿಷ್ಕ್ರಿಯಗೊಳ್ಳುವ ಸಿರಿಂಜನ್ನೇ ಬಳಸಬೇಕೆಂದು ಜಂಟಿಯಾಗಿ ಕರೆಕೊಟ್ಟವು. ಇದರಲ್ಲಿ ಕೊಂತವನ್ನು ಒಮ್ಮೆ ಒತ್ತಿದ ಮೇಲೆ ಹಿಂದಕ್ಕೆ ಎಳೆಯಲಾಗದು.

ಹೀಗೆ ಒಂದೇ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬೇಕಾದದ್ದು ಎರಡನೆಯ ಬಾರಿ ತುಂಬಲು ಒಪ್ಪದ ಸಿರಿಂಜು. ಅದೇ ಊರಿನ ಹಟ್ಟಿಗಾಗಿ ರೂಪುಗೊಂಡದ್ದು ನೂರಾರು ಬಾರಿ ತಾನೇ ತುಂಬಿಕೊಳ್ಳುವ ಸಿರಿಂಜು.

ಸೂಜಿಯ ಪ್ರಶ್ನೆ

ಸೂಜಿಯ ಬುಡದ ಕವಾಟವು ರಕ್ತ ಮತ್ತು ಅಂಗಾಂಶದ ದ್ರವ ಹಿಂದಕ್ಕೆ ಬರುವುದನ್ನು ತಡೆಯುತ್ತದೆಂದು ಭಾವಿಸುವುದುಂಟು. ಕವಾಟದ ಆಚೆಗೆ, ಅಂದರೆ ಸೂಜಿಯ ಒಳಗೂ ಹೊರಗೂ ಅಂಟಿದ್ದನ್ನು ಅದು ತಡೆಯಲಾರದು. ರಕ್ತದ ಮೂಲಕ ಹರಡುವ ಅನಾಪ್ಲಾಸ್ಮೋಸಿಸ್, ದನಗಳ ಲ್ಯೂಕೋಸಿಸ್ ಮುಂತಾದ ರೋಗಗಳಿಗೆ ಅಷ್ಟು ಸಾಕು. 2022ರಲ್ಲಿ ಕರ್ನಾಟಕದಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಮೇಕೆ ಸಿಡುಬಿನ ಲಸಿಕೆಯನ್ನು ದನಗಳಿಗೆ ಹಾಕಲಾಯಿತು. ಚರ್ಮಗಂಟು ರೋಗ ಮುಖ್ಯವಾಗಿ ಕಚ್ಚುವ ಕೀಟಗಳಿಂದ ಹರಡುತ್ತದೆ. ಸೋಂಕು ಈಗಾಗಲೇ ಕಾಲಿಟ್ಟಿರುವ ಊರಿನಲ್ಲಿ ಬದಲಿಸದ ಸೂಜಿಯೂ ಕೀಟದ ಕೆಲಸವನ್ನೇ ಮಾಡಬಲ್ಲದು. ಹೀಗಾಗಿ ಪ್ರತಿ ಪ್ರಾಣಿಗೂ ಬೇರೆ ಸೂಜಿ ಎಂಬುದು ಒಪ್ಪಿತವಾದ ನಿಯಮ. ಬಳಸಿದ ಸೂಜಿಯನ್ನು ಸೀಸೆಯ ಬಿರಡೆಗೆ ಚುಚ್ಚಲೇಬಾರದು. ಒಂದು ತಪ್ಪು ಚುಚ್ಚು ಇಡೀ ಸೀಸೆಯನ್ನು ಕೆಡಿಸಬಲ್ಲದು. ಸೀಸೆಯನ್ನು ಒಮ್ಮೆ ಜೋಡಿಸಿದ ಮೇಲೆ ಮತ್ತೆ ಚುಚ್ಚುವ ಪ್ರಮೇಯವೇ ಇಲ್ಲದಿರುವುದು ತಾನೇ ತುಂಬಿಕೊಳ್ಳುವ ವಿನ್ಯಾಸದ ನಿಜವಾದ ಮೇಲ್ಮೆ. ವೇಗವನ್ನು ಹೊಗಳುವವರು ಇದನ್ನು ಅಷ್ಟಾಗಿ ಹೇಳುವುದಿಲ್ಲ.

ಲಸಿಕೆ ಹಾಕುವವರ ಸುರಕ್ಷತೆಯೂ ಮುಖ್ಯ. ಹಿಡಿ ಸಡಿಲಿಸಿದಾಗಲೆಲ್ಲ ಸಿರಿಂಜು ಮತ್ತೆ ತುಂಬಿ ಸಿದ್ಧವಾಗಿರುವುದರಿಂದ, ದನ ಕೊಸರಿದಾಗ ಸೂಜಿ ಕೈಗೆ ತಾಗಿದರೆ ಔಷಧವೂ ಒಳಹೋಗುವ ಸಂಭವ ಹೆಚ್ಚು. ಖನಿಜ ಎಣ್ಣೆಯ ಲಸಿಕೆ ಬೆರಳಿಗೆ ಹೊಕ್ಕರೆ ಗಾಯ ಸಣ್ಣದಾಗಿ ಕಂಡರೂ ಕೂಡಲೇ ವೈದ್ಯರಲ್ಲಿಗೆ ಹೋಗಿ, ಲಸಿಕೆಯಲ್ಲಿ ಎಣ್ಣೆಯಿತ್ತೆಂದು ತಿಳಿಸಬೇಕು. ತಡವಾದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಹಾಕುವ ಕಂದು ರೋಗದ, ಅಂದರೆ ಬ್ರುಸೆಲ್ಲೋಸಿಸ್‌ನ, ಲಸಿಕೆಯಲ್ಲಿ ಜೀವಂತ ರೋಗಾಣುಗಳಿರುತ್ತವೆ. ಅದು ಮನುಷ್ಯರಿಗೆ ಚುಚ್ಚಿಕೊಂಡರೆ ಅವರಿಗೂ ರೋಗ ಬರಬಹುದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶದಲ್ಲಿ

ಕಾಲುಬಾಯಿ ಜ್ವರ ಮತ್ತು ಕಂದು ರೋಗಗಳ ನಿಯಂತ್ರಣಕ್ಕಾಗಿ ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅದರಂತೆ ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕಿ, ಕಿವಿಯೋಲೆಯ ಹನ್ನೆರಡು ಅಂಕಿಗಳ ಸಂಖ್ಯೆಯೊಡನೆ ದಾಖಲಿಸಬೇಕು. ದಕ್ಷಿಣ ಕನ್ನಡದಲ್ಲಿ ಈ ಕೆಲಸ ನಡೆಯುವುದು ಮನೆಮನೆಗೆ ಹೋಗಿ.

ಇಲ್ಲಿನ ನೆಲದ ಸ್ವರೂಪವೇ ಬೇರೆ. ಬಯಲುಸೀಮೆಯಂತೆ ಒತ್ತೊತ್ತಾಗಿ ಕಟ್ಟಿದ ಊರುಗಳು ಇಲ್ಲಿಲ್ಲ. ನೇತ್ರಾವತಿಯ ಇಕ್ಕೆಲಗಳ ಬಂಟ್ವಾಳದಲ್ಲಾಗಲಿ, ಘಟ್ಟದ ಬುಡದ ಬೆಳ್ತಂಗಡಿಯಲ್ಲಾಗಲಿ ಪ್ರತಿ ಮನೆಯೂ ತನ್ನ ಅಡಿಕೆ ತೋಟದ ನಡುವೆ ಒಂಟಿಯಾಗಿರುತ್ತದೆ. ಹಟ್ಟಿಯಲ್ಲಿ ಎರಡೋ ಮೂರೋ ದನ. ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಹತ್ತಿ, ತೋಡು ದಾಟಿ ಹೋಗಬೇಕು. ನಡೆಯುವುದು, ದನ ಹಿಡಿಯುವುದು, ಓಲೆಯ ಸಂಖ್ಯೆ ಬರೆದುಕೊಳ್ಳುವುದು ಇವುಗಳಿಗೆ ಹೋಗುವ ಹೊತ್ತಿನ ಮುಂದೆ ಸಿರಿಂಜು ತುಂಬಲು ಬೇಕಾದ ಹೊತ್ತು ಲೆಕ್ಕಕ್ಕೆ ಬಾರದು. ನ್ಯೂಜಿಲೆಂಡ್, ಆಸ್ಟ್ರೇಲಿಯಗಳಲ್ಲಿ ನೂರಾರು ಕುರಿಗಳು ಓಣಿಯಲ್ಲಿ ಸಾಲಾಗಿ ಬಂದು ನಿಲ್ಲುವಾಗ ಉಳಿಯುವ ಸಮಯ ಇಲ್ಲಿ ಉಳಿಯುವುದಿಲ್ಲ. ಸಣ್ಣ ಹಟ್ಟಿಗಳಿಗೆ ಒಮ್ಮೆ ಬಳಸಿ ಎಸೆಯುವ ಸಿರಿಂಜೇ ತಕ್ಕದ್ದು. ಒಂದು ಮನೆಯ ಸೋಂಕು ಇನ್ನೊಂದು ಮನೆಗೆ ಹೋಗದಿರಲಿಕ್ಕೂ ಅದೇ ಸುರಕ್ಷಿತ.

ಮೂವತ್ತು ನಲವತ್ತು ರಾಸುಗಳಿರುವ ಡೈರಿ, ಗೋಶಾಲೆ, ಒಂದೇ ಕಡೆ ದನ ಸೇರಿಸುವ ಶಿಬಿರ ಇಂತಹ ಕಡೆಗಳಲ್ಲಿ ಮಾತ್ರ ತಾನೇ ತುಂಬಿಕೊಳ್ಳುವ ಸಿರಿಂಜು ತನ್ನ ಬೆಲೆ ತೋರಿಸುತ್ತದೆ. ಕೋಳಿ ಸಾಕಣೆಯಲ್ಲಂತೂ ಅದಿಲ್ಲದೆ ಆಗದು. ಮೊಟ್ಟೆಯೊಡೆದು ಬಂದ ದಿನವೇ ಮರಿಗಳ ಕುತ್ತಿಗೆಯ ಚರ್ಮದಡಿಗೆ ಮ್ಯಾರೆಕ್ಸ್ ರೋಗದ ಲಸಿಕೆಯನ್ನು 0.2 ಮಿಲಿಲೀಟರಿನಂತೆ ಕೊಡಬೇಕಾಗುತ್ತದೆ. ಸಾವಿರಾರು ಮರಿಗಳಿಗೆ ಅಷ್ಟು ಸಣ್ಣ ಪ್ರಮಾಣವನ್ನು ಸಾಮಾನ್ಯ ಸಿರಿಂಜಿನ ಗೆರೆ ನೋಡಿ ಕೊಡುವುದು ಕಣ್ಣಿಗೂ ಕೈಗೂ ಅಸಾಧ್ಯ.

ಶುಚಿತ್ವ ಮತ್ತು ಪಾಲನೆ

ಕೆಲಸ ಮುಗಿದ ಕೂಡಲೇ ಬಿಸಿನೀರನ್ನು ಹಲವು ಬಾರಿ ಹಾಯಿಸಿ, ಭಾಗಗಳನ್ನು ಬಿಡಿಸಿ ತೊಳೆದು, ತಯಾರಕರು ಹೇಳಿದಂತೆ ಕುದಿಸಬೇಕು. ಜೀವಂತ ಲಸಿಕೆಗೆ ಬಳಸುವ ಸಿರಿಂಜನ್ನು ಕ್ರಿಮಿನಾಶಕದಲ್ಲಿ ಅದ್ದಬಾರದು. ಕವಾಟದ ಸಂದಿನಲ್ಲಿ ಉಳಿದ ಸ್ವಲ್ಪ ಕ್ರಿಮಿನಾಶಕವೂ ಮರುದಿನದ ಲಸಿಕೆಯನ್ನು ನಿರ್ಜೀವಗೊಳಿಸುತ್ತದೆ. ಖನಿಜ ಎಣ್ಣೆ ತಾಗಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಕೊಂತ ಬಿಗಿಯಾಗುವುದರಿಂದ ಎಣ್ಣೆ ಲಸಿಕೆಗೆ ನೈಟ್ರೈಲಿನಂತಹ ಕೃತಕ ರಬ್ಬರಿನ ಉಂಗುರ ಬೇಕು. ಕರಾವಳಿಯ ಮಳೆಗಾಲದ ತೇವದಲ್ಲಿ ಒರೆಸದೆ ಇಟ್ಟ ಸ್ಪ್ರಿಂಗಿಗೆ ಬೇಗ ತುಕ್ಕು ಹಿಡಿಯುತ್ತದೆ. ಬಳಸಿದ ಸೂಜಿಗಳನ್ನು ಚುಚ್ಚಿದರೂ ತೂತಾಗದ ಡಬ್ಬಿಯಲ್ಲಿ ಹಾಕಿ, ಪಶು ಆಸ್ಪತ್ರೆಗೆ ಹಿಂತಿರುಗಿಸಬೇಕು. ತೋಟದ ಗೊಬ್ಬರದ ಗುಂಡಿಗೆ ಎಸೆದ ಸೂಜಿ ಬರಿಗಾಲಿನಲ್ಲಿ ಕೆಲಸ ಮಾಡುವವರ ಅಂಗಾಲಿಗೆ ಚುಚ್ಚುತ್ತದೆ.