ಶುಗರ್ ಮಾತ್ರೆಯ ಹಿಂದಿನ ಕತೆ: ಒಂದು ಪುಟ್ಟ ಬಾಗಿಲು ಸಿಗೋಕೆ 40 ವರ್ಷ

ಮನೇಲಿ ಯಾರಿಗಾದ್ರೂ ಶುಗರ್ ಇದ್ರೆ ಗ್ಲಿಮೆಪಿರೈಡ್ ಅನ್ನೋ ಹೆಸರು ನೀವು ಕೇಳಿರಬಹುದು. ಇವತ್ತಿನ ಕತೆ ಆ ಮಾತ್ರೆಯ ಮನೆತನದ್ದು.

1942. ಫ್ರಾನ್ಸ್‌ನ ಮೊಂಪೆಲಿಯೆ ನಗರ, ಯುದ್ಧದ ಕಾಲ. ಡಾಕ್ಟರ್ ಮಾರ್ಸೆಲ್ ಜಾನ್‌ಬೋನ್ ಟೈಫಾಯ್ಡ್ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧ ಕೊಟ್ಟು ನೋಡ್ತಿದ್ರು. ಕೆಲವರಿಗೆ ಫಿಟ್ಸ್ ಬಂತು, ಪ್ರಜ್ಞೆ ತಪ್ಪಿತು, ಸಾವೂ ಆಯ್ತು. ಕಾರಣ, ರಕ್ತದಲ್ಲಿ ಸಕ್ಕರೆ ತೀರಾ ಇಳಿದುಹೋಗಿತ್ತು.

ಅದೇ ಊರಿನ ಆಗುಸ್ತ್ ಲೂಬಾತಿಯೇರ್ ಈ ಔಷಧವನ್ನು ನಾಯಿಗಳ ಮೇಲೆ ಪ್ರಯೋಗಿಸಿದರು. ಮೇದೋಜೀರಕ ಗ್ರಂಥಿ ತೆಗೆದುಹಾಕಿದ ನಾಯಿಗಳಲ್ಲಿ ಸಕ್ಕರೆ ಇಳೀಲೇ ಇಲ್ಲ. ಅಂದ್ರೆ ಔಷಧ ಆ ಗ್ರಂಥಿಯಿಂದಲೇ ಇನ್ಸುಲಿನ್ ಹೊರಡಿಸ್ತಿತ್ತು. 1950ರ ದಶಕದಲ್ಲಿ ಇದೇ ಗುಂಪಿನ ಮಾತ್ರೆಗಳು ಮಾರುಕಟ್ಟೆಗೆ ಬಂದವು. ಕೋಶದೊಳಗೆ ಏನಾಗುತ್ತೆ ಅನ್ನೋದು ಮಾತ್ರ ಇನ್ನೂ ಗೊತ್ತಿರಲಿಲ್ಲ.

ಆಗೋದಿಷ್ಟು. ಗ್ರಂಥಿಯ ಬೀಟಾ ಕೋಶಗಳಲ್ಲಿ ಇನ್ಸುಲಿನ್ ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿ ರೆಡಿ ಇರುತ್ತೆ. ಕೋಶದ ಪೊರೆಯಲ್ಲಿ ಅಯಾನ್ ಚಾನೆಲ್ ಅನ್ನೋ ಬಾಗಿಲುಗಳಿವೆ. ಹಸಿದಿದ್ದಾಗ ಪೊಟ್ಯಾಸಿಯಂ ಬಾಗಿಲು ತೆರೆದಿರುತ್ತೆ, ಕೋಶ ಸುಮ್ಮನಿರುತ್ತೆ. ಊಟ ಆದ್ಮೇಲೆ ಕೋಶ ಸಕ್ಕರೆಯಿಂದ ಎಟಿಪಿ ಅನ್ನೋ ಶಕ್ತಿಕಣ ತಯಾರಿಸುತ್ತೆ. ಎಟಿಪಿ ಹೋಗಿ ಆ ಬಾಗಿಲು ಮುಚ್ಚುತ್ತೆ. ಆಗ ಪೊರೆಯ ವೋಲ್ಟೇಜ್ ಬದಲಾಗಿ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತೆ. ಕ್ಯಾಲ್ಸಿಯಂ ಒಳಗೆ ನುಗ್ಗಿದ್ದೇ ತಡ, ಚೀಲಗಳು ಪೊರೆಗೆ ಬೆಸೆದುಕೊಂಡು ಇನ್ಸುಲಿನ್ ಹೊರಗೆ ಬಿಡುತ್ತವೆ.

ಸಕ್ಕರೆಯೇ ಈ ಪೊಟ್ಯಾಸಿಯಂ ಬಾಗಿಲು ಮುಚ್ಚಿಸುತ್ತೆ ಅಂತ 1984ರಲ್ಲಿ ಆಕ್ಸ್‌ಫರ್ಡ್‌ನ ಫ್ರಾನ್ಸಿಸ್ ಆಶ್‌ಕ್ರಾಫ್ಟ್ ಮತ್ತು ಜೊತೆಗಾರರು ತೋರಿಸಿದರು. ಮರುವರ್ಷವೇ ಇನ್ನೊಂದು ತಂಡ, ಹಳೇ ಮಾತ್ರೆಗಳೂ ಇದೇ ಬಾಗಿಲು ಮುಚ್ಚುತ್ತವೆ ಅಂತ ಕಂಡುಕೊಂಡಿತು.

ಇದರ ಫಲ ಸಿಕ್ಕಿದ್ದು ಹಸುಗೂಸುಗಳಿಗೆ. ಹುಟ್ಟಿದ ಆರು ತಿಂಗಳೊಳಗೇ ಡಯಾಬಿಟಿಸ್ ಬರೋ ಕೆಲವು ಮಕ್ಕಳಲ್ಲಿ ಈ ಬಾಗಿಲಿನ ಜೀನ್‌ನಲ್ಲೇ ದೋಷ ಇರುತ್ತೆ ಅಂತ 2004ರಲ್ಲಿ ಗೊತ್ತಾಯ್ತು. ಅವರ ಬಾಗಿಲು ಎಟಿಪಿ ಬಂದ್ರೂ ಸರಿಯಾಗಿ ಮುಚ್ಚಲ್ಲ. ಇನ್ಸುಲಿನ್ ಒಳಗಿದೆ, ಹೊರಗೆ ಬರೋಕೆ ದಾರಿ ಇಲ್ಲ! ಎಟಿಪಿ ಕೈಲಿ ಆಗದ್ದನ್ನ ಮಾತ್ರೆ ಮಾಡಬಹುದಾ? 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ 49 ರೋಗಿಗಳ ಪೈಕಿ 44 ಮಂದಿ ಇನ್ಸುಲಿನ್ ಚುಚ್ಚುಮದ್ದು ಬಿಟ್ಟು ಮಾತ್ರೆಗೆ ಬದಲಾದರು.

ಆದ್ದರಿಂದಲೇ, ಆರು ತಿಂಗಳೊಳಗಿನ ಮಗುವಿಗೆ ಡಯಾಬಿಟಿಸ್ ಅಂತ ಗೊತ್ತಾದ್ರೆ ಜೀನ್ ಪರೀಕ್ಷೆ ಮಾಡಿಸಲೇಬೇಕು. ಔಷಧ ಬದಲಿಸೋದು ಮಾತ್ರ ಡಾಕ್ಟರ್ ಹೇಳಿದ ಮೇಲೇ. ನಿಮ್ಮ ಪರಿಚಯದಲ್ಲಿ ಅಂಥ ಮಗು ಇದ್ರೆ, ಈ ಎಪಿಸೋಡ್ ಅವರ ಅಪ್ಪ-ಅಮ್ಮನಿಗೆ ಕಳಿಸಿ.