ಕ್ರಿಟಿಯಸ್–ಥೆರಮಿನೀಸ್ ವೈರ

ಕ್ರಿಟಿಯಸ್ ಮತ್ತು ಥೆರಮಿನೀಸ್ ಕ್ರಿ.ಪೂ. 404ರಲ್ಲಿ ಅಥೆನ್ಸ್ ನಗರರಾಜ್ಯವನ್ನು ಆಳಿದ 'ಮೂವತ್ತು ಮಂದಿ ನಿರಂಕುಶರ' ಗುಂಪಿನ ಪ್ರಮುಖರು. ಇವರಿಬ್ಬರ ನಡುವಿನ ವೈರವು ಥೆರಮಿನೀಸನ ಮರಣದಂಡನೆಯಲ್ಲಿ ಕೊನೆಗೊಂಡಿತು. ಈ ಘಟನೆಯ ವಿವರಗಳು ಮುಖ್ಯವಾಗಿ ಕ್ಸೆನೋಫನ್‌ನ 'ಹೆಲೆನಿಕ' ಗ್ರಂಥದಿಂದ ತಿಳಿದುಬರುತ್ತವೆ.

ಹಿನ್ನೆಲೆ

ಪೆಲೊಪೊನೇಸಿಯನ್ ಯುದ್ಧದಲ್ಲಿ ಸೋತ ಅಥೆನ್ಸ್ ಕ್ರಿ.ಪೂ. 404ರಲ್ಲಿ ಸ್ಪಾರ್ಟಾಕ್ಕೆ ಶರಣಾಯಿತು. ಸ್ಪಾರ್ಟಾದ ಸೇನಾನಿ ಲೈಸ್ಯಾಂಡರ್‌ನ ಬೆಂಬಲದಿಂದ, ಕಾನೂನುಗಳನ್ನು ರಚಿಸುವ ಹೊಣೆ ಹೊತ್ತ ಮೂವತ್ತು ಜನರ ಕೈಗೆ ಅಧಿಕಾರ ಬಂದಿತು. ಕ್ರಿಟಿಯಸ್ ಪ್ಲೇಟೋನ ತಾಯಿಯ ಬಂಧು; ಸಾಕ್ರಟೀಸನ ಒಡನಾಡಿಯಾಗಿದ್ದವನು. ಹಿಂದಿನ ಪ್ರಜಾಪ್ರಭುತ್ವವು ಆತನನ್ನು ಗಡೀಪಾರು ಮಾಡಿತ್ತು. ಥೆರಮಿನೀಸ್ ಕ್ರಿ.ಪೂ. 411ರಲ್ಲಿ 'ನಾನೂರು ಮಂದಿಯ' ಆಳ್ವಿಕೆಯನ್ನು ಸ್ಥಾಪಿಸಲು ನೆರವಾಗಿ, ಅನಂತರ ಅದನ್ನು ಉರುಳಿಸುವಲ್ಲಿಯೂ ಪಾಲ್ಗೊಂಡಿದ್ದನು. ಇದರಿಂದಾಗಿ ಆತನಿಗೆ 'ಕೊಥೋರ್ನಸ್', ಅಂದರೆ ಎರಡು ಕಾಲಿಗೂ ಹೊಂದುವ ಪಾದರಕ್ಷೆ, ಎಂಬ ಅಡ್ಡಹೆಸರು ಬಂದಿತ್ತು.

ಭಿನ್ನಾಭಿಪ್ರಾಯ

ಆರಂಭದಲ್ಲಿ ಇಬ್ಬರೂ ಏಕಮತದವರಾಗಿದ್ದರು. ಆದರೆ ತಪ್ಪು ಮಾಡದ ಗಣ್ಯರನ್ನೂ ಕ್ರಿಟಿಯಸ್ ಕೊಲ್ಲಿಸತೊಡಗಿದಾಗ ಥೆರಮಿನೀಸ್ ವಿರೋಧಿಸಿದನು. ಆಳುವವರಿಗೆ ಸಾಕಷ್ಟು ಬೆಂಬಲಿಗರು ಇರಬೇಕೆಂಬುದು ಆತನ ವಾದ. ಮೂವತ್ತು ಮಂದಿ 3,000 ಪೌರರ ಪಟ್ಟಿಯೊಂದನ್ನು ಮಾತ್ರ ಸಿದ್ಧಪಡಿಸಿ, ಉಳಿದವರ ಆಯುಧಗಳನ್ನು ಕಿತ್ತುಕೊಂಡರು. ಪಟ್ಟಿಯಲ್ಲಿದ್ದವರನ್ನು ಮಂತ್ರಾಲೋಚನಾ ಸಭೆಯ ತೀರ್ಪಿಲ್ಲದೆ ಕೊಲ್ಲುವಂತಿರಲಿಲ್ಲ. ಹೊರಗಿನವರನ್ನು ಮೂವತ್ತು ಮಂದಿಯೇ ಕೊಲ್ಲಿಸಬಹುದಿತ್ತು. ಸ್ಪಾರ್ಟಾದ ಕಾವಲು ಪಡೆಯ ವೇತನಕ್ಕಾಗಿ, ತಲಾ ಒಬ್ಬ ವಲಸಿಗನನ್ನು ಹಿಡಿದು ಕೊಂದು ಆಸ್ತಿಯನ್ನು ವಶಪಡಿಸಿಕೊಳ್ಳಬೇಕೆಂದು ನಿರ್ಧರಿಸಿದಾಗ ಥೆರಮಿನೀಸ್ ಅದಕ್ಕೆ ಒಪ್ಪಲಿಲ್ಲ.

ವಿಚಾರಣೆ ಮತ್ತು ಮರಣ

ಕ್ರಿಟಿಯಸ್ ಆತನನ್ನು ದ್ರೋಹಿಯೆಂದು ಸಭೆಯ ಮುಂದೆ ಆರೋಪಿಸಿದನು. ಥೆರಮಿನೀಸನ ಪ್ರತಿವಾದಕ್ಕೆ ಸಭೆಯು ಮೆಚ್ಚುಗೆ ಸೂಚಿಸಿತು. ಮತ ತನಗೆ ವಿರುದ್ಧವಾಗುವುದೆಂದು ಅರಿತ ಕ್ರಿಟಿಯಸ್, ಕಠಾರಿ ಹಿಡಿದ ಯುವಕರನ್ನು ಸಭಾಸದರಿಗೆ ಕಾಣುವಂತೆ ನಿಲ್ಲಿಸಿದನು. ಥೆರಮಿನೀಸನ ಹೆಸರನ್ನು ಪಟ್ಟಿಯಿಂದ ಅಳಿಸಿ, ಮತ ಹಾಕಿಸದೆಯೇ ಮರಣದಂಡನೆ ಘೋಷಿಸಿದನು. ಒಬ್ಬನ ಹೆಸರನ್ನು ಅಳಿಸಬಹುದಾದರೆ ಯಾರ ಹೆಸರೂ ಸುರಕ್ಷಿತವಲ್ಲವೆಂದು ಥೆರಮಿನೀಸ್ ಸಭೆಯನ್ನು ಎಚ್ಚರಿಸಿದನು. ಅಗ್ನಿವೇದಿಕೆಯಲ್ಲಿ ಆಶ್ರಯ ಪಡೆದಿದ್ದ ಆತನನ್ನು ಎಳೆದೊಯ್ದು ಹೆಮ್ಲಾಕ್ ವಿಷ ಕುಡಿಸಲಾಯಿತು.

ಪರಿಣಾಮ

ಈ ಆಳ್ವಿಕೆಯಲ್ಲಿ 1,500ಕ್ಕೂ ಹೆಚ್ಚು ಜನ ಹತರಾದರೆಂದು ಅರಿಸ್ಟಾಟಲನ ಹೆಸರಿನಲ್ಲಿರುವ 'ಅಥೆನ್ಸಿನ ಸಂವಿಧಾನ' ಗ್ರಂಥವು ತಿಳಿಸುತ್ತದೆ. ಕ್ರಿ.ಪೂ. 403ರಲ್ಲಿ ಥ್ರಾಸಿಬುಲಸ್‌ನ ನಾಯಕತ್ವದಲ್ಲಿ ಪ್ರಜಾಪ್ರಭುತ್ವವಾದಿಗಳು ಪಿರೇಯಸ್ ಬಂದರನ್ನು ಹಿಡಿದರು. ಅಲ್ಲಿನ ಮ್ಯುನಿಕಿಯ ಗುಡ್ಡದ ಕಾಳಗದಲ್ಲಿ ಕ್ರಿಟಿಯಸ್ ಮಡಿದನು. ಅದೇ ವರ್ಷ ಪ್ರಜಾಪ್ರಭುತ್ವವು ಮರುಸ್ಥಾಪನೆಗೊಂಡು, ಮೂವತ್ತು ಮಂದಿ ಹಾಗೂ ಅವರ ಕೆಲವು ಅಧಿಕಾರಿಗಳನ್ನು ಬಿಟ್ಟು ಉಳಿದವರಿಗೆಲ್ಲ ಕ್ಷಮಾದಾನ ದೊರೆಯಿತು.